ಪಿಕ್ ಇಟ್ಟುಕೊಳ್ಳೋದಾ, ಕೊಟ್ಟುಬಿಡೋದಾ? ಎನ್‌ಎಫ್‌ಎಲ್ ಜನರಲ್ ಮ್ಯಾನೇಜರ್ ಎದುರಿನ ಆಯ್ಕೆಗಳು

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್. ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವುದಕ್ಕೆ ಅಲ್ಲಿ ಡ್ರಾಫ್ಟ್ ಅನ್ನುತ್ತಾರೆ, ಆ ಸರದಿಗೆ ಪಿಕ್. 2017ರ ಡ್ರಾಫ್ಟ್‌ನಲ್ಲಿ ಷಿಕಾಗೊ ಬೇರ್ಸ್‌ಗೆ ಮೂರನೇ ಸರದಿ ಇತ್ತು. ಒಂದೇ ಒಂದು ಜಾಗ ಮೇಲಕ್ಕೆ, ಎರಡನೇ ಸರದಿಗೆ ಹೋಗಲು ಆ ತಂಡ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ ಮೂರು ಪಿಕ್ ಹೆಚ್ಚಿಗೆ ಕೊಟ್ಟಿತು. ಆ ವರ್ಷದ 67 ಮತ್ತು 111ನೇ ಪಿಕ್, ಮುಂದಿನ ವರ್ಷದ ಒಂದು ಮೂರನೇ ರೌಂಡ್ ಪಿಕ್. ತಂದದ್ದು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಮಿಚೆಲ್ ಟ್ರುಬಿಸ್ಕಿಯನ್ನು. ಅದೇ ಸಂಜೆ 10ನೇ ಪಿಕ್‌ನಲ್ಲಿ, ಮುಂದೆ ಲೀಗಿನ ದೊಡ್ಡ ತಾರೆಯಾದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಕ್ಯಾನ್ಸಸ್ ಸಿಟಿ ಪಾಲಾದರು.

ಬೇರ್ಸ್ ಜಾಸ್ತಿ ಬೆಲೆ ಕೊಟ್ಟು ಕೈ ಸುಟ್ಟುಕೊಂಡಿತು ಅಂತ ಇವತ್ತಿಗೂ ಹೇಳುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಲೀಗಿನಲ್ಲಿ ಬಹಳ ಕಾಲ ಚಾಲ್ತಿಯಲ್ಲಿದ್ದ ಬೆಲೆಪಟ್ಟಿಯಲ್ಲಿ ಎರಡನೇ ಪಿಕ್‌ಗೆ 2600 ಅಂಕ, ಮೂರನೆಯದಕ್ಕೆ 2200. ವ್ಯತ್ಯಾಸ 400. 67ನೇ ಪಿಕ್‌ಗೆ 255, 111ಕ್ಕೆ 72. ಸೇರಿದರೆ 327. ಮುಂದಿನ ವರ್ಷದ ಮೂರನೇ ರೌಂಡ್ ಪಿಕ್ಕನ್ನು ಈ ವರ್ಷದ ನಾಲ್ಕನೇ ರೌಂಡ್ ಅಂತ ಹಿಡಿದರೆ ಉಳಿದ ಅಂಕವೂ ಹೆಚ್ಚುಕಮ್ಮಿ ತುಂಬಿಕೊಳ್ಳುತ್ತದೆ. ಅಂದರೆ ತಕ್ಕಡಿ ಸರಿಯಾಗಿಯೇ ಇತ್ತು. ತಪ್ಪಿದ್ದು ಬೆಲೆಯಲ್ಲಿ ಅಲ್ಲ, ಖಾತ್ರಿಯಲ್ಲಿ. ಇವನೇ ಆ ಹುಡುಗ, ಬೇರೆಯವರು ಲೆಕ್ಕಕ್ಕಿಲ್ಲ ಅನ್ನುವ ಖಾತ್ರಿಯಲ್ಲಿ.

ನನ್ನ ಅನಿಸಿಕೆ ಇಷ್ಟೆ. ಒಬ್ಬ ಜಿಎಂ, ಅಂದರೆ ತಂಡ ಕಟ್ಟುವ ಹೊಣೆ ಹೊತ್ತ ಜನರಲ್ ಮ್ಯಾನೇಜರ್, ಸುಧಾರಿಸುವುದು ಆಟಗಾರರನ್ನು ಅಳೆಯುವ ಕಣ್ಣು ಚುರುಕಾಗಿದ್ದರಿಂದ ಅಲ್ಲ. ಆ ಕಣ್ಣು ಎಷ್ಟು ಸಲ ತಪ್ಪುತ್ತದೆ ಅಂತ ತಿಳಿದು, ಅದಕ್ಕೆ ತಕ್ಕ ಹಾಗೆ ಪಿಕ್‌ಗಳನ್ನು ಹಂಚಿದಾಗ. ಕೆಳಗಿನ ಒಂದೊಂದು ಆಯ್ಕೆಯನ್ನೂ ಇದೇ ಅಳತೆಯಲ್ಲಿ ನೋಡಿದ್ದೇನೆ. ಸಾಂಟಾ ಕ್ಲಾರಾದಲ್ಲೋ ಡಲ್ಲಾಸ್‌ನಲ್ಲೋ ಕೂತು ಆಫೀಸಿನ ಗೆಳೆಯರ ಜೊತೆ ಡೈನಾಸ್ಟಿ ಲೀಗ್ ಆಡುವ ಕನ್ನಡಿಗರು ಬಹಳ ಇದ್ದಾರೆ. ವರ್ಷದಿಂದ ವರ್ಷಕ್ಕೆ ಅದೇ ಆಟಗಾರರನ್ನು ಉಳಿಸಿಕೊಂಡು ಹೋಗುವ ಫ್ಯಾಂಟಸಿ ಲೀಗ್ ಅದು. ಅವರ ಮುಂದೆ ಬರುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಇವೇ.

ಐಪಿಎಲ್ ನೋಡಿ ಬೆಳೆದವರಿಗೆ ಒಂದು ಮಾತು. ಅಲ್ಲಿ ಹರಾಜು. ದುಡ್ಡಿದ್ದರೆ ಯಾರು ಯಾರ ಮೇಲೆ ಬೇಕಾದರೂ ಕೂಗಬಹುದು. ಎನ್‌ಎಫ್‌ಎಲ್‌ನಲ್ಲಿ 32 ತಂಡ, ಏಳು ರೌಂಡ್, ಸರದಿ ಪ್ರಕಾರ ಆಯ್ಕೆ. ಹಿಂದಿನ ಸೀಸನ್‌ನಲ್ಲಿ ತೀರಾ ಸೋತವರಿಗೆ ಮೊದಲ ಸರದಿ. ಆಟಗಾರರ ಜೊತೆಗೆ ಈ ಸರದಿಯನ್ನೂ ಮಾರಬಹುದು, ಕೊಳ್ಳಬಹುದು. ಆಟವೆಲ್ಲ ಇರುವುದು ಅಲ್ಲಿಯೇ.

ಮೇಲೇರುವುದು, ಕೆಳಗಿಳಿಯುವುದು

ಮೊದಲು ಆ ಬೆಲೆಪಟ್ಟಿಯ ಕಥೆ. 1990ರ ದಶಕದ ಮೊದಲಲ್ಲಿ ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಕೈಗೆ ಪ್ರತಿ ಪಿಕ್‌ಗೂ ಒಂದು ಅಂಕ ಕೊಟ್ಟ ಹಾಳೆ ಬಂತು. ಮೊದಲ ಪಿಕ್‌ಗೆ 3000, ಹತ್ತನೆಯದಕ್ಕೆ 1300, 32ನೆಯದಕ್ಕೆ 590. ಆ ಅಂಕಗಳು ಆಟಗಾರರು ಮುಂದೆ ಹೇಗೆ ಆಡಿದರು ಅಂತ ನೋಡಿ ಬಂದವಲ್ಲ. ತಂಡಗಳು ಅದುವರೆಗೆ ಯಾವ ಬೆಲೆಗೆ ಕೊಟ್ಟು ತಗೊಂಡವು ಅನ್ನುವುದರಿಂದ ಬಂದವು. ಅಂದರೆ ಅದು ಮಾರುಕಟ್ಟೆ ದರ. ವಸ್ತುವಿನ ನಿಜವಾದ ಬೆಲೆ ಬೇರೆ. ಆಮೇಲೆ ಬಂದ ಪಟ್ಟಿಗಳು ಆಟಗಾರರ ಸಾಧನೆಯನ್ನೋ ಎರಡನೇ ಕಾಂಟ್ರ್ಯಾಕ್ಟಿನ ಮೊತ್ತವನ್ನೋ ನೋಡಿ ಅಂಕ ಕೊಟ್ಟವು. ಅವುಗಳಲ್ಲಿ ಮೇಲಿಂದ ಕೆಳಕ್ಕೆ ಬೆಲೆ ಇಷ್ಟು ಕಡಿದಾಗಿ ಇಳಿಯುವುದಿಲ್ಲ. ಎರಡೂ ಪಟ್ಟಿ ಹತ್ತಿರ ಇರಲಿ. ಎದುರಿನವನು ಏನು ಕೇಳುತ್ತಾನೆ ಅಂತ ತಿಳಿಯಲು ಹಳೆಯದು, ಒಪ್ಪಬೇಕಾ ಬೇಡವಾ ಅಂತ ತೀರ್ಮಾನಿಸಲು ಹೊಸದು.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಡ್ರಾಫ್ಟ್ ಬಗ್ಗೆ ಮಾಡಿದ ಅಧ್ಯಯನದಲ್ಲಿ ಒಂದು ಅಂಕಿ ನನಗೆ ಎಲ್ಲಕ್ಕಿಂತ ಮುಖ್ಯ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಉತ್ತಮ ಆಗುವ ಸಾಧ್ಯತೆ ಶೇ 52ರ ಆಸುಪಾಸು. ಟಾಸ್‌ಗಿಂತ ಚೂರು ಮೇಲೆ, ಅಷ್ಟೆ. ಹಾಗಿದ್ದ ಮೇಲೆ ಒಬ್ಬನಿಗಾಗಿ ಮೂರು ಪಿಕ್ ಸುರಿಯುವುದಕ್ಕಿಂತ, ಒಂದನ್ನು ಕೊಟ್ಟು ಮೂರು ತಗೊಳ್ಳುವುದೇ ಜಾಣತನ ಅಲ್ವಾ?

ಬಹುಪಾಲು ಸಲ ಹೌದು. 2013ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 29ನೇ ಪಿಕ್ಕನ್ನು ಮಿನೆಸೋಟಾ ವೈಕಿಂಗ್ಸ್‌ಗೆ ಕೊಟ್ಟು 52, 83, 102, 229 ಈ ನಾಲ್ಕನ್ನು ಪಡೆಯಿತು. 52ರಲ್ಲಿ ಜೇಮಿ ಕಾಲಿನ್ಸ್, 83ರಲ್ಲಿ ಲೋಗನ್ ರಯಾನ್ ಸಿಕ್ಕರು. 2014ರ ಸೀಸನ್‌ನಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು. 102ರಲ್ಲಿ ತಂದ ರಿಸೀವರ್‌ನಿಂದ (ಎಸೆದ ಚೆಂಡು ಹಿಡಿಯುವ ಆಟಗಾರ) ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆದರೂ ಟ್ರೇಡ್ ಗೆದ್ದಿತು. ಕೆಳಗಿಳಿದಾಗ ಸಿಗುವ ನಿಜವಾದ ಲಾಭ ಇದು: ಒಂದು ಆಯ್ಕೆ ಕೈಕೊಟ್ಟರೂ ಇನ್ನೆರಡು ಉಳಿದಿರುತ್ತವೆ.

ಆದರೆ ಇಳಿಯುವುದನ್ನೇ ಕಸುಬು ಮಾಡಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತೋರಿಸಿತು. 2016ರಲ್ಲಿ ಎರಡನೇ ಪಿಕ್ಕನ್ನು ಫಿಲಡೆಲ್ಫಿಯಾ ಈಗಲ್ಸ್‌ಗೆ ಮಾರಿತು. 2017ರಲ್ಲಿ 12ನೇ ಪಿಕ್ಕನ್ನು ಹ್ಯೂಸ್ಟನ್‌ಗೆ ಮಾರಿತು. ಅಲ್ಲಿಗೆ ಕಾರ್ಸನ್ ವೆಂಟ್ಸ್, ಡಿಶಾನ್ ವಾಟ್ಸನ್ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನೂ ಬಿಟ್ಟ ಹಾಗಾಯಿತು. ಪಿಕ್‌ಗಳ ರಾಶಿ ಬಿತ್ತು. ಆದರೆ ಎರಡು ಸೀಸನ್‌ಗಳ 32 ಪಂದ್ಯಗಳಲ್ಲಿ ಗೆಲುವು ಒಂದೇ ಒಂದು. ಪಿಕ್ ಕೂಡಿಟ್ಟ ಸಾಶಿ ಬ್ರೌನ್ 2017ರ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಉಳಿದಿದ್ದ ಪಿಕ್‌ಗಳನ್ನು ಬಳಸಿದ್ದು ಅವರ ನಂತರ ಬಂದವರು.

ಹಾಗಾದರೆ ಮೇಲೇರುವುದು ಯಾವಾಗ? ಕ್ವಾರ್ಟರ್‌ಬ್ಯಾಕ್ ಬೇಕಾದಾಗ ಮಾತ್ರ ಅನ್ನುತ್ತೇನೆ ನಾನು. ಉಳಿದ ಯಾವ ಸ್ಥಾನಕ್ಕೂ ಆ ಮಟ್ಟದ ಬೆಲೆ ಇಲ್ಲ. 1999ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಕೋಚ್ ಮೈಕ್ ಡಿಟ್ಕಾ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ರಿಕಿ ವಿಲಿಯಮ್ಸ್‌ಗಾಗಿ ಆ ವರ್ಷದ ಎಲ್ಲ ಪಿಕ್‌ಗಳನ್ನೂ, ಮರುವರ್ಷದ ಮೊದಲ ಮತ್ತು ಮೂರನೇ ರೌಂಡ್ ಪಿಕ್‌ಗಳನ್ನೂ ವಾಷಿಂಗ್ಟನ್‌ಗೆ ಕೊಟ್ಟುಬಿಟ್ಟರು. ವಿಲಿಯಮ್ಸ್ ಕೆಟ್ಟ ಆಟಗಾರರೇನಲ್ಲ. ಆದರೆ ಅವರ ಸುತ್ತ ತಂಡ ಕಟ್ಟಲು ಏನೂ ಉಳಿದಿರಲಿಲ್ಲ. 3 ಗೆಲುವು, 13 ಸೋಲು, ಕೋಚ್ ಮನೆಗೆ.

ಕ್ವಾರ್ಟರ್‌ಬ್ಯಾಕ್ ವಿಷಯದಲ್ಲೂ ಎಷ್ಟು ದೂರ ಹತ್ತುತ್ತೀರಿ, ಯಾವುದನ್ನು ಕೊಟ್ಟು ಹತ್ತುತ್ತೀರಿ ಅನ್ನುವುದು ಮುಖ್ಯ. ಕ್ಯಾನ್ಸಸ್ ಸಿಟಿ 27ರಿಂದ 10ಕ್ಕೆ ಹತ್ತಲು 27, 91 ಮತ್ತು ಮರುವರ್ಷದ ಮೊದಲ ರೌಂಡ್ ಪಿಕ್ ಕೊಟ್ಟಿತು. ಹಿಂದಿನ ಸೀಸನ್‌ನಲ್ಲಿ ಅದು 12 ಪಂದ್ಯ ಗೆದ್ದಿದ್ದ ತಂಡ. ಅಲೆಕ್ಸ್ ಸ್ಮಿತ್ ಅನ್ನುವ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದರು. ಕೊಟ್ಟ ಪಿಕ್ ಹೇಗಿದ್ದರೂ ಸರದಿಯ ಹಿಂಭಾಗದಲ್ಲೇ ಬೀಳುತ್ತಿತ್ತು. 22ನೆಯದಾಗಿ ಬಿತ್ತು. ಮಹೋಮ್ಸ್ ಕೈಕೊಟ್ಟಿದ್ದರೂ ತಂಡ ಮುಳುಗುತ್ತಿರಲಿಲ್ಲ. ಬಾಲ್ಟಿಮೋರ್ ರೇವನ್ಸ್ 2018ರಲ್ಲಿ ಇನ್ನೂ ಅಗ್ಗದಲ್ಲಿ ಕೆಲಸ ಮುಗಿಸಿತು. ಮೊದಲ ರೌಂಡಿನ ಕಟ್ಟಕಡೆಯ 32ನೇ ಪಿಕ್‌ಗೆ ಹತ್ತಿ ಲಾಮಾರ್ ಜಾಕ್ಸನ್‌ರನ್ನು ತಂತು. 33ನೆಯದಕ್ಕಿಂತ 32 ಯಾಕೆ ಮೇಲು ಗೊತ್ತಾ? ಮೊದಲ ರೌಂಡಿನಲ್ಲಿ ಬಂದವರನ್ನು ಮಾತ್ರ ತಂಡ ತನ್ನಿಷ್ಟದಂತೆ ಐದನೇ ವರ್ಷಕ್ಕೂ ಉಳಿಸಿಕೊಳ್ಳಬಹುದು. ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಆ ಒಂದು ವರ್ಷಕ್ಕೆ ಬೆಲೆ ಕಟ್ಟಲಾಗದು.

ಇನ್ನು 2021ರ 49ಅರ್ಸ್ ನೋಡಿ. 12ರಿಂದ 3ಕ್ಕೆ ಹತ್ತಲು 2022, 2023ರ ಮೊದಲ ರೌಂಡ್ ಪಿಕ್‌ಗಳು, ಮೇಲೊಂದು ಮೂರನೇ ರೌಂಡ್ ಪಿಕ್ ಕೊಟ್ಟು ಟ್ರೇ ಲ್ಯಾನ್ಸ್‌ರನ್ನು ತಂತು. ಅವರು ಆ ತಂಡದ ಪರ ಸ್ಟಾರ್ಟ್ ಮಾಡಿದ್ದು ನಾಲ್ಕು ಪಂದ್ಯ. ಆಮೇಲೆ ಒಂದು ನಾಲ್ಕನೇ ರೌಂಡ್ ಪಿಕ್‌ಗೆ ಡಲ್ಲಾಸ್‌ಗೆ ಹೋದರು. ತಂಡವನ್ನು ಸೂಪರ್ ಬೌಲ್‌ವರೆಗೆ ಕರೆದೊಯ್ದದ್ದು 2022ರ ಡ್ರಾಫ್ಟ್‌ನ ಕೊನೆಯ ಪಿಕ್, 262ನೆಯವರು, ಬ್ರಾಕ್ ಪರ್ಡಿ. ಇದನ್ನು ಬರೀ ಅದೃಷ್ಟ ಅಂದು ಬಿಡುವ ಹಾಗಿಲ್ಲ. ಉಳಿದ ತಂಡ ಗಟ್ಟಿ ಇದ್ದದ್ದರಿಂದ 49ಅರ್ಸ್ ಇಷ್ಟು ದೊಡ್ಡ ಪೆಟ್ಟನ್ನು ತಡೆದುಕೊಂಡಿತು.

ಈ ವರ್ಷದ್ದಾ, ಮುಂದಿನ ವರ್ಷದ್ದಾ?

ಲೀಗಿನಲ್ಲಿ ಒಂದು ರೂಢಿ ಇದೆ. ಮುಂದಿನ ವರ್ಷದ ಮೊದಲ ರೌಂಡ್ ಪಿಕ್ ಅಂದರೆ ಈ ವರ್ಷದ ಎರಡನೇ ರೌಂಡಿಗೆ ಸಮ. ಒಂದು ವರ್ಷ ಕಾಯಲು ಒಪ್ಪಿದರೆ ಒಂದಿಡೀ ರೌಂಡ್ ಲಾಭ. ನಮ್ಮೂರಿನ ಚೀಟಿ ವ್ಯವಹಾರ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅವಸರ ಇದ್ದವನು ಮೊದಲ ತಿಂಗಳಲ್ಲೇ ದೊಡ್ಡ ಮೊತ್ತ ಬಿಟ್ಟುಕೊಟ್ಟು ಚೀಟಿ ಎತ್ತುತ್ತಾನೆ. ತಡೆದವನಿಗೆ ಆ ಬಿಟ್ಟ ಹಣದಲ್ಲಿ ಪಾಲು. ಕೆಲಸ ಹೋಗುವ ಭಯದಲ್ಲಿರುವ ಜಿಎಂಗೆ ಯಾವಾಗಲೂ ಅವಸರ. ಮುಂದಿನ ವರ್ಷದ ಪಿಕ್ ಅವನಿಗೆ ಇನ್ನೊಬ್ಬರ ಆಸ್ತಿ ಇದ್ದ ಹಾಗೆ. ಆದ್ದರಿಂದ ಫೋನ್ ಮಾಡಬೇಕಾದದ್ದು ಅಂಥವರಿಗೆ.

ದುರ್ಬಲ ತಂಡ ಮುಂದಿನ ವರ್ಷದ ಪಿಕ್ ಮಾರಿದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಕೆರೊಲಿನಾ ಪ್ಯಾಂಥರ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲ್ಲ. ಮೊದಲ ಪಿಕ್‌ಗಾಗಿ ಬೇರ್ಸ್‌ಗೆ 9, 61, 2024ರ ಮೊದಲ ರೌಂಡ್, 2025ರ ಎರಡನೇ ರೌಂಡ್ ಪಿಕ್, ಜೊತೆಗೆ ತನ್ನ ಒಳ್ಳೆಯ ರಿಸೀವರ್ ಡಿ.ಜೆ. ಮೂರ್‌ರನ್ನು ಕೊಟ್ಟಿತು. ತಂದದ್ದು ಬ್ರೈಸ್ ಯಂಗ್‌ರನ್ನು. ಹೊಸ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯಬೇಕಾದವರನ್ನೇ ಕೊಟ್ಟ ಮೇಲೆ ಇನ್ನೇನು? ಆ ಸೀಸನ್‌ನಲ್ಲಿ ತಂಡ ಗೆದ್ದದ್ದು ಎರಡು, ಸೋತದ್ದು 15. ಕೊಟ್ಟಿದ್ದ 2024ರ ಪಿಕ್ ಇಡೀ ಡ್ರಾಫ್ಟ್‌ನ ಮೊದಲನೆಯದಾಯಿತು. ಬೇರ್ಸ್ ಅದರಲ್ಲಿ ಕ್ಯಾಲೆಬ್ ವಿಲಿಯಮ್ಸ್‌ರನ್ನು ತಂತು. ಮಾರುವಾಗ ಅದಕ್ಕೆ "ಯಾವುದೋ ಒಂದು ಮೊದಲ ರೌಂಡ್" ಅಂತ ಬೆಲೆ ಕಟ್ಟಿದ್ದರು. ನಿಮ್ಮ ತಂಡ ತೀರಾ ಕೆಟ್ಟರೆ ಅದೇ ಪಿಕ್ ಎಲ್ಲಿ ಬೀಳಬಹುದು ಅಂತ ಮೊದಲು ಬರೆದುಕೊಳ್ಳಿ, ಆಮೇಲೆ ಚೌಕಾಸಿಗೆ ಕೂರಿ.

ಪಳಗಿದ ಆಟಗಾರನಾ, ಪಿಕ್ಕಾ?

ಇಲ್ಲಿ ಹೋಲಿಸಲು ಲಾಸ್ ಏಂಜಲೀಸ್ ರಾಮ್ಸ್ ಮತ್ತು ಡೆಟ್ರಾಯ್ಟ್ ಲಯನ್ಸ್ ಇವೆರಡೇ ಸಾಕು. 2021ರಲ್ಲಿ ರಾಮ್ಸ್ ಜಿಎಂ ಲೆಸ್ ಸ್ನೀಡ್ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ಗಾಗಿ ತಮ್ಮ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್, ಒಂದು ಮೂರನೇ ರೌಂಡ್ ಪಿಕ್, 2022 ಮತ್ತು 2023ರ ಮೊದಲ ರೌಂಡ್ ಪಿಕ್‌ಗಳನ್ನು ಕೊಟ್ಟರು. ಆ ಸೀಸನ್‌ನಲ್ಲೇ ರಾಮ್ಸ್ ಸೂಪರ್ ಬೌಲ್ ಗೆದ್ದಿತು. 2017ರಿಂದ 2023ರವರೆಗೆ ಆ ತಂಡ ಮೊದಲ ರೌಂಡಿನಲ್ಲಿ ಯಾರನ್ನೂ ಆರಿಸಲೇ ಇಲ್ಲ. ಆದ್ದರಿಂದ ರಾಮ್ಸ್‌ಗೆ ಡ್ರಾಫ್ಟ್ ಅಂದರೆ ತಾತ್ಸಾರ ಅಂತ ಜನ ತಿಳಿದರು. ಅದು ಸುಳ್ಳು. ಆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಕೂಪರ್ ಕಪ್ ಮೂರನೇ ರೌಂಡಿನವರು. 2023ರಲ್ಲಿ 177ನೇ ಪಿಕ್‌ನಲ್ಲಿ ಬಂದ ರಿಸೀವರ್ ಪುಕಾ ನಕುವಾ ಮೊದಲ ಸೀಸನ್‌ನಲ್ಲೇ 1,486 ಯಾರ್ಡ್ ಗಳಿಸಿ ಹೊಸಬರ ದಾಖಲೆ ಬರೆದರು. ಮೊದಲ ರೌಂಡ್ ಮಾರಿದವರು ಕೆಳಗಿನ ರೌಂಡ್‌ಗಳಲ್ಲಿ ಇನ್ನೂ ಜಾಸ್ತಿ ದುಡಿಯಬೇಕು. ಅದಕ್ಕೆ ಸ್ಕೌಟ್‌ಗಳ, ಅಂದರೆ ಆಟಗಾರರನ್ನು ಹುಡುಕಿ ಅಳೆಯುವವರ, ಪಡೆ ಇಲ್ಲದಿದ್ದರೆ ಈ ದಾರಿಗೆ ಹೋಗಬೇಡಿ.

ಆ ಕಡೆ ಲಯನ್ಸ್ ಜಿಎಂ ಬ್ರಾಡ್ ಹೋಮ್ಸ್. ಕೆಲವೇ ದಿನಗಳ ಹಿಂದೆ ತನಕ ರಾಮ್ಸ್‌ನಲ್ಲೇ ಕಾಲೇಜು ಸ್ಕೌಟಿಂಗ್ ನೋಡಿಕೊಳ್ಳುತ್ತಿದ್ದವರು. ಗಾಫ್‌ರನ್ನು ಡ್ರಾಫ್ಟ್ ಮಾಡಿದಾಗಲೂ ಅಲ್ಲೇ ಇದ್ದರು. ಬೇರೆಯವರು ಗಾಫ್‌ರನ್ನು ಟ್ರೇಡಿನ ಹೊರೆ ಅಂದರು. ಹೋಮ್ಸ್ ಅವರನ್ನೇ ಕ್ವಾರ್ಟರ್‌ಬ್ಯಾಕ್ ಆಗಿ ಉಳಿಸಿಕೊಂಡರು. 2022ರಲ್ಲಿ ರಾಮ್ಸ್ ಐದೇ ಪಂದ್ಯ ಗೆದ್ದದ್ದರಿಂದ 2023ರ ಪಿಕ್ ಆರನೆಯದಾಗಿ ಕೈಗೆ ಬಂತು. ಅದನ್ನೂ ಅಲ್ಲೇ ಬಳಸದೆ 12ಕ್ಕೆ ಇಳಿದು 34ನ್ನೂ ಪಡೆದರು. 12ರಲ್ಲಿ ಜಮೀರ್ ಗಿಬ್ಸ್, 34ರಲ್ಲಿ ಸ್ಯಾಮ್ ಲಪೋರ್ಟಾ. ಆ ಸೀಸನ್‌ನ ಪ್ಲೇಆಫ್‌ನಲ್ಲಿ ಲಯನ್ಸ್ 24–23ರಿಂದ ಸೋಲಿಸಿದ್ದು ಸ್ಟಾಫರ್ಡ್ ಇದ್ದ ರಾಮ್ಸ್ ತಂಡವನ್ನೇ.

ಗೆದ್ದವರು ಯಾರು? ನನ್ನ ಲೆಕ್ಕದಲ್ಲಿ ಇಬ್ಬರೂ. ರಾಮ್ಸ್‌ಗೆ ತನ್ನ ರಕ್ಷಣಾ ಪಡೆಯ ತಾರೆ ಆರನ್ ಡೊನಾಲ್ಡ್ ಇದ್ದ ಕೆಲವೇ ವರ್ಷಗಳಲ್ಲಿ ಗೆಲ್ಲಬೇಕಿತ್ತು. ಲಯನ್ಸ್‌ಗೆ ಬುಡದಿಂದ ಕಟ್ಟಬೇಕಿತ್ತು. ಎರಡೂ ತಂಡಗಳ ಗಡಿಯಾರ ಬೇರೆ ಇದ್ದಾಗಲೇ ಒಳ್ಳೆಯ ಟ್ರೇಡ್ ಹುಟ್ಟುವುದು. ಹಾಗಾಗಿ ಎದುರಿನವರ ಅವಸ್ಥೆ ಓದುವುದೂ ಜಿಎಂ ಕಲಿಯಬೇಕಾದ ವಿದ್ಯೆ.

ಪಿಕ್ ಅಂದರೆ ಅಗ್ಗದ ಆಟಗಾರ ಅನ್ನುವುದನ್ನೂ ಮರೆಯಬಾರದು. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಕೊಟ್ಟರು. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. 2025ರಲ್ಲಿ ಒಂದು ತಂಡದ ಸ್ಯಾಲರಿ ಕ್ಯಾಪ್, ಅಂದರೆ ಒಟ್ಟು ಸಂಬಳದ ಮಿತಿ, 27.92 ಕೋಟಿ ಡಾಲರ್. ಅದರೊಳಗೆ 53 ಜನರನ್ನು ಸಾಕಬೇಕು. ಪಳಗಿದವನನ್ನು ತಂದರೆ ಪಿಕ್ ಜೊತೆಗೆ ಸಂಬಳವನ್ನೂ ಕೊಡಬೇಕು. 2022ರಲ್ಲಿ ಟೆನೆಸಿ ಟೈಟನ್ಸ್ ಹಿಂಜರಿದದ್ದು ಇಲ್ಲೇ. ರಿಸೀವರ್ ಎ.ಜೆ. ಬ್ರೌನ್‌ರನ್ನು ಈಗಲ್ಸ್‌ಗೆ ಕೊಟ್ಟು 18 ಮತ್ತು 101ನೇ ಪಿಕ್ ತಗೊಂಡಿತು. ಈಗಲ್ಸ್ ಜಿಎಂ ಹೋವಿ ರೋಸ್‌ಮನ್ ಬ್ರೌನ್‌ಗೆ ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್ ಬರೆದುಕೊಟ್ಟರು. ಟೈಟನ್ಸ್ 18ರಲ್ಲಿ ಟ್ರೇಲಾನ್ ಬರ್ಕ್ಸ್ ಅನ್ನುವ ರಿಸೀವರ್‌ನನ್ನೇ ತಂದು ಅಗ್ಗದಲ್ಲಿ ಜಾಗ ತುಂಬಿತು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಡಿಸೆಂಬರ್‌ನಲ್ಲಿ ಎರಡು ತಂಡ ಎದುರಾದಾಗ ಬ್ರೌನ್ ಎರಡು ಟಚ್‌ಡೌನ್ ಹೊಡೆದರು. ಎರಡು ದಿನದ ಮೇಲೆ ಟೈಟನ್ಸ್ ಜಿಎಂ ಕೆಲಸ ಹೋಯಿತು. 24–25ರ ಹರೆಯದ, ಈಗಾಗಲೇ ಸಾಬೀತಾದ ಆಟಗಾರ ಸಿಕ್ಕರೆ ಪಿಕ್ ಕೊಟ್ಟುಬಿಡಿ. ಡ್ರಾಫ್ಟ್‌ನಲ್ಲಿ ನೀವು ಹುಡುಕುವುದು ಅಂಥವನನ್ನೇ ತಾನೆ? 29 ದಾಟಿದವನಿಗೆ ಕೊಡುವ ಮುಂಚೆ ನೂರು ಸಲ ಯೋಚಿಸಿ. ಕ್ವಾರ್ಟರ್‌ಬ್ಯಾಕ್ ಮಾತು ಬೇರೆ. ಸ್ಟಾಫರ್ಡ್‌ಗೆ ಆಗಲೇ 32.

ಟ್ರೇಡಿನ ಷರತ್ತುಗಳನ್ನು ಒಂದೊಂದಾಗಿ ಓದಬೇಕು ಅಂತ ಕಲಿಸಿದ್ದು 1989ರ ಅಕ್ಟೋಬರ್. ಡಲ್ಲಾಸ್ ತನ್ನ ದೊಡ್ಡ ತಾರೆ ಹರ್ಷಲ್ ವಾಕರ್‌ರನ್ನು ವೈಕಿಂಗ್ಸ್‌ಗೆ ಕೊಟ್ಟು ಐದು ಆಟಗಾರರನ್ನು ಪಡೆಯಿತು. ಅವರನ್ನು ತಂಡದಿಂದ ಬಿಟ್ಟರೆ ಬದಲಿಗೆ ಪಿಕ್ ಸಿಗುತ್ತದೆ ಅನ್ನುವ ಷರತ್ತು ಇತ್ತು. ಆಟಗಾರರೇ ಮುಖ್ಯ, ಪಿಕ್ ಬರೀ ಭದ್ರತೆಗೆ ಅಂತ ವೈಕಿಂಗ್ಸ್ ತಿಳಿದಿತ್ತು. ಜಿಮ್ಮಿ ಜಾನ್ಸನ್‌ಗೆ ಬೇಕಿದ್ದದ್ದೇ ಪಿಕ್. ಕೊನೆಗೆ ಮೂರು ಮೊದಲ ರೌಂಡ್, ಮೂರು ಎರಡನೇ ರೌಂಡ್ ಪಿಕ್ ಡಲ್ಲಾಸ್ ಕೈಸೇರಿದವು. ಅದರಲ್ಲೊಂದನ್ನು ಬಳಸಿ 17ನೇ ಸರದಿಗೆ ಹತ್ತಿ ಎಮಿಟ್ ಸ್ಮಿತ್‌ರನ್ನು ತಂದರು. 1989ರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡ 1992, 1993, 1995ರ ಸೀಸನ್‌ಗಳಲ್ಲಿ ಸೂಪರ್ ಬೌಲ್ ಗೆದ್ದಿತು.

ಕೊರತೆ ತುಂಬುವುದಾ, ಒಳ್ಳೆಯವನನ್ನು ತರುವುದಾ?

ಈ ಪ್ರಶ್ನೆಗೆ ನನ್ನ ಉತ್ತರ ಸುಲಭ. ಒಳ್ಳೆಯವನನ್ನು ತನ್ನಿ. 1996ರಲ್ಲಿ ಬಾಲ್ಟಿಮೋರ್ ರೇವನ್ಸ್‌ಗೆ ಮೊಟ್ಟಮೊದಲ ಡ್ರಾಫ್ಟ್. ಮಾಲೀಕರ ಒಲವು ರನ್ನಿಂಗ್ ಬ್ಯಾಕ್ ಲಾರೆನ್ಸ್ ಫಿಲಿಪ್ಸ್ ಕಡೆ ಇತ್ತು, ತಂಡಕ್ಕೂ ಆ ಜಾಗದಲ್ಲಿ ಕೊರತೆ ಇತ್ತು. ಡ್ರಾಫ್ಟ್ ಹೊಣೆ ಹೊತ್ತಿದ್ದ ಆಝಿ ನ್ಯೂಸಮ್ ತಮ್ಮ ಪಟ್ಟಿಯಲ್ಲಿ ಮೇಲಿದ್ದ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಆಟಗಾರ) ಜೊನಾಥನ್ ಆಗ್ಡನ್‌ರನ್ನೇ ನಾಲ್ಕನೇ ಪಿಕ್‌ನಲ್ಲಿ ಆರಿಸಿದರು. ಅದೇ ರೌಂಡಿನ 26ರಲ್ಲಿ ರೇ ಲೂಯಿಸ್. ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. 2005ರಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ಇನ್ನೂ ಆಡುತ್ತಿದ್ದಾಗ ಗ್ರೀನ್ ಬೇ 24ನೇ ಪಿಕ್‌ನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ರನ್ನು ತಂದದ್ದೂ ಇದೇ ದಾರಿ. ಕೊರತೆ ತುಂಬಲು ಮಾರ್ಚ್‌ನ ಫ್ರೀ ಏಜೆನ್ಸಿ ಇದೆ, ಕಾಂಟ್ರ್ಯಾಕ್ಟ್ ಮುಗಿದವರನ್ನು ನೇರವಾಗಿ ಸೇರಿಸಿಕೊಳ್ಳುವ ಕಾಲ. ಸಣ್ಣ ಮೊತ್ತಕ್ಕೆ ಒಂದು ವರ್ಷದ ಮಟ್ಟಿಗೆ ಒಬ್ಬರನ್ನು ಕರೆತಂದು ರಂಧ್ರ ಮುಚ್ಚಿಕೊಂಡು ಡ್ರಾಫ್ಟ್‌ಗೆ ಬನ್ನಿ.

ಸ್ಟಾಪ್‌ವಾಚ್‌ಗೂ ಆಟದ ವಿಡಿಯೊಗೂ ಜಗಳ ಬಂದರೆ ವಿಡಿಯೊ ನಂಬಿ. 2017ರಲ್ಲಿ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುಂಚಿನ ದೈಹಿಕ ಪರೀಕ್ಷೆ) ರಿಸೀವರ್ ಜಾನ್ ರಾಸ್ 40 ಯಾರ್ಡ್‌ಗಳನ್ನು 4.22 ಸೆಕೆಂಡಿನಲ್ಲಿ ಓಡಿದರು. ಆಗಿನ ದಾಖಲೆ ಅದು. ಸಿನ್ಸಿನಾಟಿ ಒಂಬತ್ತನೇ ಪಿಕ್ ಕೊಟ್ಟು ಕರೆತಂತು. ಆ ವೇಗ ಪಂದ್ಯದಲ್ಲಿ ಅಷ್ಟಾಗಿ ಕಾಣಲೇ ಇಲ್ಲ.

ಪುಕ್ಕಟೆ ಪಿಕ್, ಮತ್ತೆ ಒಂದು ಪುಸ್ತಕ

ಕಾಂಟ್ರ್ಯಾಕ್ಟ್ ಮುಗಿದ ನಿಮ್ಮ ಆಟಗಾರರು ಬೇರೆ ತಂಡಕ್ಕೆ ದೊಡ್ಡ ಸಂಬಳಕ್ಕೆ ಹೋದರೆ, ನೀವು ತಂದವರಿಗಿಂತ ಕಳೆದುಕೊಂಡವರು ಹೆಚ್ಚಿದ್ದರೆ, ಲೀಗ್ ಮುಂದಿನ ವರ್ಷ ಮೂರರಿಂದ ಏಳನೇ ರೌಂಡ್ ಒಳಗೆ ಪರಿಹಾರದ ಪಿಕ್ ಕೊಡುತ್ತದೆ. ಬೇರೆ ತಂಡ ಕೈಬಿಟ್ಟ ಆಟಗಾರನನ್ನು ತಂದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ನ್ಯೂಸಮ್ ಇದರಲ್ಲಿ ಎತ್ತಿದ ಕೈ. ಹೋಗುವವರನ್ನು ಹೋಗಲು ಬಿಟ್ಟು, ಜಾಗ ತುಂಬಲು ಕೈಬಿಟ್ಟವರ ಪೈಕಿ ಒಳ್ಳೆಯವರನ್ನು ಹುಡುಕುತ್ತಿದ್ದರು. 2000ನೇ ಇಸವಿಯಲ್ಲಿ, ಮುಂದೆ ದಂತಕಥೆಯಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ತಂದ 199ನೇ ಪಿಕ್ ಕೂಡ ಇಂಥದ್ದೇ. 2017ರಿಂದ ಇವುಗಳನ್ನು ಟ್ರೇಡ್ ಕೂಡ ಮಾಡಬಹುದು. ಮೇಲೇರಬೇಕಾದಾಗ ಚಿಲ್ಲರೆ ತುಂಬಲು ಇವೇ ಸಾಕಾಗುತ್ತವೆ, ಮುಂದಿನ ವರ್ಷದ ಮೊದಲ ರೌಂಡ್ ಮುಟ್ಟಬೇಕಿಲ್ಲ.

ಕೊನೆಯದಾಗಿ, ಬರೆದಿಡುವ ಅಭ್ಯಾಸ. ಡ್ರಾಫ್ಟ್ ಹಿಂದಿನ ರಾತ್ರಿ ಪ್ರತಿ ಸ್ಕೌಟ್‌ನ ಪಟ್ಟಿಯನ್ನೂ ಬೇರೆ ಬೇರೆಯಾಗಿ, ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ ತೆಗೆದಿಡಿ. ಒಂದೇ ಕೋಣೆಯಲ್ಲಿ ಕೂರಿಸಿ ಕೇಳಿದರೆ ಎಲ್ಲರೂ ದೊಡ್ಡವರ ಮಾತಿಗೆ ತಲೆ ಆಡಿಸುತ್ತಾರೆ. ಐದು ಜನ ಬೇರೆ ಬೇರೆ ಬರೆದೂ ಒಬ್ಬನ ಹೆಸರೇ ಮೇಲೆ ಬಂದರೆ, ಮೇಲೇರುವ ಮಾತಾಡಬಹುದು. ಒಬ್ಬರಿಗೆ ಮೂರನೆಯವನು, ಇನ್ನೊಬ್ಬರಿಗೆ ಮೂವತ್ತನೆಯವನು ಅಂತಾದರೆ ಇಳಿಯುವುದೇ ವಾಸಿ. ಮೂರು ವರ್ಷ ಕಳೆದ ಮೇಲೆ ಪುಸ್ತಕ ತೆಗೆಯಿರಿ. ಯಾವ ಸ್ಕೌಟ್ ಯಾವ ಸ್ಥಾನದ ಆಟಗಾರರನ್ನು ಚೆನ್ನಾಗಿ ಅಳೆಯುತ್ತಾನೆ ಅಂತ ಅಲ್ಲಿ ಗೊತ್ತಾಗುತ್ತದೆ. ಮಾಡಿದ ಟ್ರೇಡ್ ಜೊತೆ ಬೇಡ ಅಂದ ಟ್ರೇಡ್‌ಗಳನ್ನೂ ಬರೆದಿರಬೇಕು. ಯಾರು ಫೋನ್ ಮಾಡಿದ್ದರು, ಯಾವ ಪಿಕ್ ಕೇಳಿದರು, ಏನು ಕೊಡಲು ಸಿದ್ಧರಿದ್ದರು, ಆ ಪಿಕ್‌ನಲ್ಲಿ ಆಮೇಲೆ ಯಾರು ಹೋದರು. ಡೈನಾಸ್ಟಿ ಲೀಗ್ ಆಡುವವರಿಗೆ ಇದು ಇನ್ನೂ ಸುಲಭ. ಬೇಡ ಅಂದ ಆಫರ್‌ಗಳು ಫೋನಿನಲ್ಲೇ ಇರುತ್ತವೆ. ಮುಂದಿನ ಡ್ರಾಫ್ಟ್‌ಗೆ ಮುಂಚೆ ಅವನ್ನೊಮ್ಮೆ ಒಂದು ಹಾಳೆಗೆ ಇಳಿಸಿಕೊಳ್ಳಿ.